ಎಣಿಕೆ ಸರಿ, ಎಳೆ ತಪ್ಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಸಲ ರಾಮದುರ್ಗಕ್ಕೆ ಯರಗಟ್ಟಿ ಮೇಲೆ ಹೋದೆನೋ ಮುನವಳ್ಳಿ ಮೇಲೆ ಹೋದೆನೋ ಈಗ ಖಚಿತವಿಲ್ಲ. ಬಸ್ಸಿನ ಕಿಟಕಿಯಿಂದ ಹಿನ್ನೀರು ಕಂಡ ನೆನಪಿದೆ, ಆದರೆ ಅದು ಬೇರೆ ಸಲದ್ದೂ ಇರಬಹುದು. ದಿನಚರಿ ಬರೆಯುತ್ತೇನೆ, ನಿಜ. ಅದನ್ನೂ ಪೂರ್ತಿ ನಂಬುವಂತಿಲ್ಲ. ಬರೆಯದೆ ಬಿಟ್ಟ ದಿನಗಳನ್ನು ವಾರದ ಕೊನೆಗೆ ಒಟ್ಟಿಗೆ ಕೂತು ತುಂಬುವ ಚಟ ನನ್ನದು. ಹಳೆಯ ಪುಟದಲ್ಲಿ ಎರಡು ಖಾಲಿ ಗೆರೆ ಕಂಡರೆ ಅಲ್ಲೂ ಏನಾದರೂ ಸೇರಿಸುತ್ತೇನೆ. ಈ ಚಟದಿಂದಲೇ ಮುಂದೆ ಒಂದು ತೊಡಕು ಬಂತು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಒಂದು ಮಾತ್ರ ತಪ್ಪಿಲ್ಲ: ಆ ನಾಲ್ಕು ತಿಂಗಳು ನನ್ನ ಸೋದರತ್ತೆಯ ಮಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಾನಿರುವುದು ಬೈಲಹೊಂಗಲದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಕಿತ್ತೂರಿಗೆ ಹೋಗಿ ಅಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಗಣಿತ ಕಲಿಸುತ್ತಿದ್ದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಕರೆದರೆ ಹೋಗಬೇಕು. ಮಧ್ಯಾಹ್ನ ಮನೆಗೆ ಬಂದ ಮೇಲೆ ಸಂಶೋಧನೆ. ಗಣಿತದ ಸಾಧನೆಗಳನ್ನು, ಅಂದರೆ ಪ್ರಮೇಯಗಳ ರುಜುವಾತುಗಳನ್ನು, ಕಂಪ್ಯೂಟರ್ ಪರೀಕ್ಷಿಸಬಲ್ಲ ಭಾಷೆಯಲ್ಲಿ ಬರೆಯುವುದು ಆ ಕೆಲಸ. ಪ್ರತಿ ಹೆಜ್ಜೆಯನ್ನೂ ಒಂದು ತಂತ್ರಾಂಶ ನೋಡುತ್ತದೆ; ನಾವು ಅದನ್ನು ಪರೀಕ್ಷಕ ಎನ್ನುತ್ತೇವೆ. ಹೆಜ್ಜೆ ತಪ್ಪಿದರೆ ಕೆಂಪು ಗೆರೆ ಎಳೆಯುತ್ತದೆ. ಸರಿಯಿದ್ದರೆ ಏನೂ ಹೇಳದೆ ಸುಮ್ಮನಿರುತ್ತದೆ.

ಧಾರವಾಡದಲ್ಲಿದ್ದ ನನ್ನ ಮಾರ್ಗದರ್ಶಕರು ಒಂದು ದಿನ ಕರೆದು ಹೇಳಿದರು.

"ಎರಡು ವರ್ಷದ್ದೊಂದು ಪ್ರಾಜೆಕ್ಟ್ ಬಂದೈತ್ರಿ. ಜಾಗ ಒಂದಽ. ಸಾಲುಗಳ ಕಡತ ಯಾರು ಮುಗಸ್ತಾರೋ ಅವರನ್ನ ತಗೋತೇನಿ. ಮುಗಸ್ರಿ."

ಆ 'ಯಾರು' ನಾನೇ ಎಂದುಕೊಂಡೆ. ಆಗ ಆ ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ.

ಕಡತ ಎಂದರೆ ಸಾಧನೆಗಳನ್ನು ಬರೆದಿಡುವ ಒಂದು ಫೈಲು. ಬೇರೆ ಬೇರೆ ಊರಿನವರು ಸೇರಿ ಕಟ್ಟುತ್ತಿದ್ದ ದೊಡ್ಡ ಸಂಗ್ರಹಕ್ಕೆ ಅದು ಹೋಗಬೇಕಿತ್ತು. ಕಡತದ ತಲೆಯ ಮೇಲೆ ಬರೆದವರ ಹೆಸರು ಇರುತ್ತದೆ.

ನನ್ನ ತೊಂದರೆಯನ್ನು ಸ್ವಲ್ಪ ವಿವರಿಸಬೇಕು. ನಾವು ಬಳಸುವ ತರ್ಕದಲ್ಲಿ ಪ್ರತಿ ವಸ್ತುವಿಗೂ ಒಂದು ಟೈಪ್ ಇರುತ್ತದೆ, ಆ ಟೈಪಿನೊಳಗೇ ಸಂಖ್ಯೆಯನ್ನು ಸೇರಿಸಬಹುದು. 'ಐದರ ಸಾಲು', ಅಂದರೆ ಒಂದರ ಹಿಂದೊಂದು ಇಟ್ಟ ಐದು ವಸ್ತುಗಳು, ಒಂದು ಟೈಪ್, 'ಆರರ ಸಾಲು' ಇನ್ನೊಂದು. ಐದರದ್ದು ಕೇಳಿದ ಕಡೆ ಆರರದ್ದು ಕೊಟ್ಟರೆ ಪರೀಕ್ಷಕ ಒಳಗೆ ಬಿಡುವುದಿಲ್ಲ. ಈ ಬಿಗಿ ನನಗೆ ಬಹಳ ಹಿಡಿಸಿತ್ತು. ನನ್ನ ಸಾಲುಗಳನ್ನೆಲ್ಲ ಹಾಗೆಯೇ ಕಟ್ಟಿದ್ದೆ, ಉದ್ದವನ್ನು ಟೈಪಿನೊಳಗೇ ಇಟ್ಟು.

ಆದರೆ ಅಲ್ಲಿ ಸಮ ಎನ್ನುವುದು ಒಂದೇ ಬಗೆಯದಲ್ಲ. ಎರಡಕ್ಕೆ ಮೂರು ಕೂಡಿಸಿದರೆ ಐದು ಎಂಬುದನ್ನು ಪರೀಕ್ಷಕ ತಾನೇ ಲೆಕ್ಕ ಮಾಡಿ ಕಾಣುತ್ತದೆ. ಯಾವುದೋ ಎರಡು ಸಂಖ್ಯೆಗಳನ್ನು, ಅವು ಎಷ್ಟೆಂದು ಹೇಳದೆ, ಹಿಂದುಮುಂದಾಗಿ ಕೂಡಿಸಿದರೂ ಮೊತ್ತ ಒಂದೇ ಎಂಬುದು ಅದಕ್ಕೆ ಕಾಣುವುದಿಲ್ಲ. ಸಾಧಿಸಿ ತೋರಿಸಬೇಕು. ತೋರಿಸಿದ ಮೇಲೂ ಮುಗಿಯುವುದಿಲ್ಲ. ಒಂದು ಟೈಪಿನ ವಸ್ತುವನ್ನು ಇನ್ನೊಂದರ ಜಾಗದಲ್ಲಿ ಇಡುವಾಗಲೆಲ್ಲ ಆ ಸಾಧನೆಯನ್ನು ಸಾಕ್ಷಿಯಾಗಿ ಹಿಡಿದು ವಸ್ತುವನ್ನು ಸಾಗಿಸಬೇಕು. ಒಂದು ತಾನೇ ಕಾಣುವ ಸಮ, ಇನ್ನೊಂದು ಸಾಕ್ಷಿ ಕೇಳುವ ಸಮ.

ನಾನು ಸಾಧಿಸಬೇಕಿದ್ದ ಮುಖ್ಯ ಮಾತು ಇಷ್ಟೇ: ಎರಡು ಸಾಲುಗಳನ್ನು ಜೋಡಿಸಿ ಕೊನೆಯಿಂದ ಮೊದಲಿಗೆ ತಿರುವಿ ಹಾಕಿದರೆ, ಎರಡನೆಯದನ್ನು ತಿರುವಿ ಅದರ ಕೊನೆಗೆ ಮೊದಲನೆಯದನ್ನು ತಿರುವಿ ಜೋಡಿಸಿದಂತಾಗುತ್ತದೆ. ಸೀರೆಯ ಎರಡು ದಡಿಗಳಲ್ಲಿ ಬಣ್ಣಗಳು ತಿರುಗುಮುರುಗಾಗಿರುವುದನ್ನು ನೋಡಿದವರಿಗೆ ಇದನ್ನು ಹೇಳುವುದೂ ಬೇಕಿಲ್ಲ. ಆದರೆ ಸಮ ಚಿಹ್ನೆಯ ಎಡಗಡೆಯ ಸಾಲಿನ ಉದ್ದ ಮೊದಲನೆಯದು ಕೂಡಿಸು ಎರಡನೆಯದು, ಬಲಗಡೆಯದರ ಉದ್ದ ಎರಡನೆಯದು ಕೂಡಿಸು ಮೊದಲನೆಯದು. ಟೈಪ್ ಬೇರೆಯಾಯಿತು. ಬೇರೆ ಟೈಪಿನ ವಸ್ತುಗಳು ಸಮವೋ ಅಲ್ಲವೋ ಎಂದು ಕೇಳಲೂ ಪರೀಕ್ಷಕ ಬಿಡುವುದಿಲ್ಲ. ಸಾಧನೆಯ ಮಾತು ಹಾಗಿರಲಿ, ಆ ವಾಕ್ಯವನ್ನೇ ಬರೆಯಲು ಬರುತ್ತಿರಲಿಲ್ಲ.

ಸಾಗಿಸುವ ದಾರಿ ಹಿಡಿದೆ. ವಾಕ್ಯದಲ್ಲಿ ಒಂದು ಸಾಗಣೆ ಹಾಕಿದೆ. ಅದನ್ನು ಸಾಧಿಸಲು ಒಳಗೆ ಮೂರು ಬೇಕಾದವು. ಆ ಮೂರೂ ಒಂದಕ್ಕೊಂದು ಹೊಂದುತ್ತವೆ ಎಂದು ತೋರಿಸಲು ಇನ್ನಷ್ಟು. ಎರಡನೆಯ ತಿಂಗಳ ಕೊನೆಗೆ ಕಡತದಲ್ಲಿ ಹದಿನೇಳು ಸಾಗಣೆಗಳಿದ್ದವು. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಗಂಟು ಬೀಳುತ್ತಿತ್ತು. ಮಾರ್ಗದರ್ಶಕರಿಗೆ "ನಡದೈತ್ರಿ ಸರ್" ಎನ್ನುತ್ತಿದ್ದೆ.

ಇನ್ನು ಅತ್ತೆಯ ಮಗಳ ವಿಷಯ. ರಾಮದುರ್ಗದಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿದೆ. ತಾಯಿ ಮಗಳು ಇಬ್ಬರೂ ನೇಯುತ್ತಾರೆ. ಅವಳು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು. "ಅಕ್ಕಾ, ನೀ ಮಾಡೂದು ನನಗೂ ಕಲಸ" ಎಂದು ಬೆನ್ನು ಹತ್ತಿದ್ದಳು. ಭಾನುವಾರಗಳಲ್ಲಿ ಫೋನಿನಲ್ಲಿ ಕಲಿಸಿದೆ. ಎಂಟು ತಿಂಗಳಲ್ಲಿ ನಾನು ಕಲಿತದ್ದನ್ನು ಎಂಟು ಭಾನುವಾರಗಳಲ್ಲಿ ಮುಗಿಸಿದಳು. ಮೊದಲು ಹೆಮ್ಮೆಯಾಯಿತು. ಆಮೇಲೆ ಅವಳು ಎಲ್ಲಾದರೂ ತಪ್ಪಿದರೆ ಒಳಗೊಳಗೇ ಹಾಯೆನಿಸತೊಡಗಿತು. ಇದನ್ನು ದಿನಚರಿಯಲ್ಲಿ ಬರೆದಿಲ್ಲ. ಬರೆಯದಿದ್ದುದು ನೆನಪಿದೆ.

ಆ ಎರಡನೆಯ ತಿಂಗಳಲ್ಲೇ ಅವಳು ಕಣ್ಣಿನ ಡಾಕ್ಟರಿಗೆ ತೋರಿಸಲು ಬೈಲಹೊಂಗಲಕ್ಕೆ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿದ್ದಳು. ನಾನು ಕಿತ್ತೂರಿಗೆ ಹೋದ ಹೊತ್ತು ನನ್ನ ಮೇಜಿನ ಮುಂದೆಯೇ ಕೂತಿರುತ್ತಿದ್ದಳು. ದಿನಚರಿಯ ವಹಿ ಆ ಮೇಜಿನ ಮೇಲೇ ಇರುತ್ತದೆ.

ಅದಾಗಿ ಎರಡು ವಾರಕ್ಕೆ ನಾನು ರಾಮದುರ್ಗಕ್ಕೆ ಹೋದೆ. ತಲೆ ಕೆಟ್ಟಿತ್ತು, ಎರಡು ದಿನ ಕಂಪ್ಯೂಟರ್ ಮುಟ್ಟಬಾರದು ಎಂದುಕೊಂಡಿದ್ದೆ. ಅಲ್ಲಿ ಕೆಚ್ಚುವ ಕೆಲಸ ನಡೆದಿತ್ತು. ಹಳೆಯ ಹಾಸು, ಅಂದರೆ ಮಗ್ಗದ ಉದ್ದಕ್ಕೂ ಹಾಸಿದ ಎಳೆಗಳು, ಮುಗಿಯುತ್ತ ಬಂದಾಗ ಅದರ ತುದಿಗಳನ್ನು ತೆಗೆಯುವುದಿಲ್ಲ. ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಪೋಣಿಸಿದ ಹಾಗೆಯೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯದರ ಒಂದೊಂದು ಎಳೆಗೆ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಎಲ್ಲ ಕೂಡಿದ ಮೇಲೆ ಎಳೆದರೆ ಹಳೆಯದು ಹೊಸದನ್ನು ಹಣಿಗೆಯೊಳಗೆ ತಾನೇ ಕರೆದುಕೊಂಡು ಹೋಗುತ್ತದೆ. ಅದೇ ಕೆಚ್ಚುವುದು.

ಅತ್ತೆಗೆ ಆ ದಿನ ಹೆಬ್ಬೆರಳು ಬಾತಿತ್ತು.

"ಬಾರವಾ, ಗಣಿತದಾಕಿ. ಎಣಸಾಕಂತೂ ಬರ್ತೈತಿ, ಕುಂದ್ರು," ಎಂದು ತನ್ನ ಜಾಗ ಬಿಟ್ಟುಕೊಟ್ಟಳು.

ಎಡಗಡೆಯಿಂದ ನಾನು, ಬಲಗಡೆಯಿಂದ ಅತ್ತೆಯ ಮಗಳು ಹೊರಟೆವು. ಅವಳ ಬೆರಳು ಓಡುತ್ತಿದ್ದವು. ಹಿಂದೆ ಬೀಳಬಾರದೆಂದು ನಾನೂ ಅವಸರ ಮಾಡಿದೆ. ದಡಿಯ ಬಣ್ಣದ ಎಳೆಗಳು ಮುಗಿದು ಒಡಲಿನ ಎಳೆಗಳು ಬಂದವು, ಎಲ್ಲ ಒಂದೇ ಬಣ್ಣ. ಊಟದ ಹೊತ್ತಿಗೆ ನಡುವೆ ಬಂದು ಕೂಡಿದೆವು. ಅವಳು ಊಟಕ್ಕೆ ತಾಟು ಹಾಕಲು ಎದ್ದಳು. ನನ್ನ ಕಡೆ ಹೊಸದರ ಒಂದು ಎಳೆ ಉಳಿದಿತ್ತು. ಹಳೆಯದರಲ್ಲಿ ಹುಡುಕಿದರೆ ಬಹಳ ಹಿಂದೆ ಎಡಕ್ಕೆ ಒಂದು ಎಳೆ ಒಂಟಿಯಾಗಿ ಜೋತಾಡುತ್ತಿತ್ತು.

ಹಳೆಯದರಲ್ಲಿ ಒಂದು, ಹೊಸದರಲ್ಲಿ ಒಂದು. ಬರೋಬರಿ ಆಯಿತಲ್ಲ ಎಂದು ಆ ಎರಡನ್ನೂ ಹಿಡಿದು ಕೂಡಿಸಿದೆ. ಯಾರನ್ನೂ ಕೇಳಲಿಲ್ಲ.

ಊಟವಾದ ಮೇಲೆ ಹಾಸು ಎಳೆದರು. ಒಂದು ಗೇಣು ಬಂತು, ನಿಂತಿತು. ಇನ್ನಷ್ಟು ಎಳೆದಾಗ ಟಪಟಪನೆ ಎಳೆಗಳು ಹರಿದವು. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವಳ ಮಗಳು ಬಗ್ಗಿ, ಅಡ್ಡ ಹಾಯ್ದಿದ್ದ ನನ್ನ ಆ ಎಳೆಯನ್ನು ಬೆರಳ ತುದಿಯಿಂದ ಎತ್ತಿ ತೋರಿಸಿದಳು.

"ಎಣಿಕಿ ಸರಿ ಐತಿ ಅಕ್ಕಾ. ಎಳಿ ತಪ್ಪೈತಿ."

ನಾನು ಎಡಕ್ಕೆ ಎಲ್ಲೋ ಹಳೆಯದರ ಒಂದು ಎಳೆ ಬಿಟ್ಟಿದ್ದೆ. ಅಲ್ಲಿಂದ ಮುಂದೆ ಪ್ರತಿಯೊಂದೂ ತನ್ನದಲ್ಲದ ಎಳೆಗೆ ಕೂಡಿತ್ತು.

"ಕಾಲೇಜಿನ್ಯಾಗ ಹುಡುಗ್ರಿಗೆ ಹಿಂಗಽ ಕಲಸ್ತೀ ಏನವಾ?" ಎಂದಳು ಅತ್ತೆ. ಸಿಟ್ಟಿನಿಂದಲ್ಲ, ಆದರೆ ನಗುತ್ತಲೂ ಅಲ್ಲ.

ಮಗಳು ಬಿಚ್ಚಲು ಕೂತಳು. ನಾನು ಪಕ್ಕದಲ್ಲಿ ಕೂತು ಎಳೆ ಹಿಡಿದುಕೊಟ್ಟೆ. ಸುಮ್ಮನೆ ಕೂರಲಾಗದೆ ನನ್ನ ಕಡತದ ಗೋಳು ಹೇಳಿಕೊಂಡೆ: ಉದ್ದ ಒಂದೇ ಎಂಬುದಕ್ಕೆ ಎಷ್ಟು ಸಾಕ್ಷಿ, ಆ ಸಾಕ್ಷಿಗಳು ಒಂದಕ್ಕೊಂದು ಹೊಂದುವುದಕ್ಕೆ ಮತ್ತೆಷ್ಟು.

ಅವಳು ಕೈ ನಿಲ್ಲಿಸದೆ ಹೇಳಿದಳು. "ಹಳೇ ಹಾಸಿನ್ಯಾಗ ಎಳಿ ಎಷ್ಟೋ ಹೊಸಾದ್ರಾಗೂ ಅಷ್ಟಽ. ಯಾಕ ಅಷ್ಟಽ ಅಂತ ಯಾರು ಕೇಳ್ತಾರ ಅಕ್ಕಾ? ಒಮ್ಮೆ ಎಣಸಿ ಬಾಜೂಕ ಇಟ್ಟರ ಮುಗೀತು. ಯಾವ ಎಳಿ ಯಾವದಕ್ಕ ಕೂಡ್ತು ಅನ್ನೂದು ಕೆಲಸ. ನೀ ಎಣಿಕೀನ ಕೈಯಾಗ ಹಿಡಕೊಂಡಽ ಕೆಚ್ಚಾಕ ಹತ್ತೀಯಲ್ಲ."

"ಮಗ್ಗ ಬ್ಯಾರೆ, ಇದು ಬ್ಯಾರೆ," ಎಂದೆ.

"ಹೂಂ, ಬ್ಯಾರೆ," ಎಂದಳು. ಎಷ್ಟು ಬೇಗ ಒಪ್ಪಿದಳೆಂದರೆ ಅವಳು ಒಪ್ಪಿಲ್ಲವೆಂದು ನನಗೆ ಗೊತ್ತಾಯಿತು.

ಹತ್ತು ದಿನದ ಮೇಲೆ ಅವಳ ಮೇಲ್ ಬಂತು. ನನಗೊಬ್ಬಳಿಗೇ. ಜೊತೆಗೆ ಒಂದು ಕಡತ. "ಅಕ್ಕಾ, ತಪ್ಪಿದ್ದರ ತಿದ್ದು, ಸರಿ ಇದ್ದರ ಸರ್‌ಗೆ ಕಳಸು." ಇಷ್ಟೇ.

ಅವಳು ಉದ್ದವನ್ನು ಟೈಪಿನಿಂದ ಹೊರಗೆ ತೆಗೆದಿದ್ದಳು. ಸಾಲು ಎಂದರೆ ಬರೀ ಸಾಲು. ಅದರ ಉದ್ದ ಇಷ್ಟು ಎಂಬ ಮಾತನ್ನು ಪಕ್ಕದಲ್ಲಿ ಒಂದು ಚೀಟಿಯ ಹಾಗೆ ಇಟ್ಟಿದ್ದಳು. ಎಡಗಡೆ ಬಲಗಡೆ ಎರಡೂ ಈಗ ಒಂದೇ ಟೈಪಿನವು. ನಾನು ಬರೆಯಲೂ ಆಗದಿದ್ದ ವಾಕ್ಯ ಅಲ್ಲಿ ನೆಟ್ಟಗೆ ಒಂದು ಗೆರೆಯಲ್ಲಿ ನಿಂತಿತ್ತು. ಅದರ ಕೆಳಗೆ ಒಂಬತ್ತು ಗೆರೆಗಳ ಸಾಧನೆ. ಪರೀಕ್ಷಕದ ಮುಂದಿಟ್ಟೆ. ಕೆಂಪು ಗೆರೆ ಬರಲಿ ಎಂದು ಕಾದೆ. ಬರಲಿಲ್ಲ.

ಕಳಿಸಲಿಲ್ಲ.

ಎಂಟು ದಿನ ಇಟ್ಟುಕೊಂಡೆ. ಅವಳು ಫೋನ್ ಮಾಡಿದಾಗ "ನೋಡಾಕ ಹತ್ತೇನಿ" ಎಂದೆ. ನೋಡುತ್ತಿದ್ದುದು ನಿಜ, ಸಂದು ಹುಡುಕಲು. ಅವಳ ಸಾಲು ನನ್ನದಕ್ಕಿಂತ ಸಡಿಲ, ಏನನ್ನೋ ಕಳೆದುಕೊಂಡಿದೆ ಎಂದು ತೋರಿಸಿದರೆ ಸಂಗ್ರಹದವರು ನನ್ನದನ್ನೇ ಕೇಳುತ್ತಾರೆ ಎಂಬ ಆಸೆ. ಅದಕ್ಕೆ ಎರಡರ ನಡುವೆ ಒಂದು ಸೇತುವೆ ಕಟ್ಟತೊಡಗಿದೆ: ನನ್ನ ಸಾಲಿನಿಂದ ಅವಳದಕ್ಕೆ ಹೋಗುವ ದಾರಿ, ಅವಳದರಿಂದ ನನ್ನದಕ್ಕೆ ಬರುವ ದಾರಿ. ಹೋಗಿ ಬಂದಾಗ ಎಲ್ಲಾದರೂ ಒಂದು ಎಳೆ ತಪ್ಪಬೇಕು.

ತಪ್ಪಬಹುದಾದ ಜಾಗ ಒಂದೇ ಇತ್ತು. ಹೋಗಿ ಬಂದ ಮೇಲೆ ಸಾಲು ಅದೇ ಇದ್ದರೂ ಉದ್ದದ ಚೀಟಿ ಬೇರೆಯಾಗಿ ಬಂದರೆ? ಎರಡು ವಸ್ತುಗಳು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಸಮವಾಗಲು ಬಿಡುವ ತರ್ಕಗಳಿವೆ. ಅಲ್ಲಿ ಯಾವ ರೀತಿ ಎಂಬುದೇ ಮುಖ್ಯ, ಮಗ್ಗದ ಎಳೆಗಳ ಹಾಗೆ. ಆದರೆ ಸಂಖ್ಯೆಗಳಲ್ಲಿ ಹಾಗಾಗದು. ಎರಡು ಸಂಖ್ಯೆಗಳು ಸಮ ಎಂಬುದಕ್ಕೆ ಎರಡು ಸಾಕ್ಷಿ ತಂದರೆ ಆ ಸಾಕ್ಷಿಗಳೂ ಸಮವೇ. ಇದನ್ನು ನಾನು ಓದುವಾಗ ಪರೀಕ್ಷೆಯಲ್ಲಿ ಬರೆದಿದ್ದೆ, ಅವಳಿಗೂ ಕಲಿಸಿದ್ದೆ. ಕಡತದಲ್ಲಿ ಅದನ್ನು ಹದಿನೇಳು ಸಲ ಬಿಡಿಬಿಡಿಯಾಗಿ ಬಳಸಿದ್ದೆ. ಅವಳು ಒಂದೇ ಸಲ ಬಳಸಿ ಎಣಿಕೆಯನ್ನು ಬಾಜೂಕ ಇಟ್ಟಿದ್ದಳು.

ಆರನೆಯ ದಿನ ಸೇತುವೆ ಮುಗಿಯಿತು. ಪರೀಕ್ಷಕ ಸುಮ್ಮನಿತ್ತು. ನನ್ನ ಸಾಲೂ ಅವಳ ಸಾಲೂ ಒಂದೇ; ಅವಳು ಏನನ್ನೂ ಕಳೆದುಕೊಂಡಿರಲಿಲ್ಲ. ಇಲ್ಲವೆಂದು ತೋರಿಸಲು ಹೊರಟು ಹೌದೆಂದು ಸಾಧಿಸಿಕೊಟ್ಟವಳು ನಾನೇ.

ಏಳನೆಯ ದಿನ ಮಾರ್ಗದರ್ಶಕರ ಫೋನ್ ಬಂತು.

"ಏನಾತ್ರಿ? ಈ ವಾರ ಹೆಸರು ಕೊಡಬೇಕು."

"ಎರಡು ದಿನ ಕೊಡ್ರಿ ಸರ್," ಎಂದೆ.

ಆ ಸಂಜೆ ಎಲ್ಲಿ ತಪ್ಪಿದೆನೆಂದು ನೋಡಲು ದಿನಚರಿ ತೆಗೆದು ಹಿಂದಿನ ಪುಟಗಳನ್ನು ಓದಿದೆ. ಅತ್ತೆಯ ಮಗಳು ನಮ್ಮ ಮನೆಗೆ ಬರುವ ಮುಂಚಿನ ವಾರದ ಪುಟವೊಂದರ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಹೀಗೊಂದು ಸಾಲಿತ್ತು: "ಉದ್ದವನ್ನು ಹೊರಗಿಟ್ಟರೆ?" ಅದರ ಮೇಲೆ ಒಂದು ಗೀಟು ಎಳೆದಿತ್ತು.

ಅಕ್ಷರ ನನ್ನದೇ. ನನಗೇ ಮೊದಲು ಹೊಳೆದಿತ್ತು! ಅವಳು ಆ ಮೇಜಿನ ಮುಂದೆ ನಾಲ್ಕು ದಿನ ಕೂತಿದ್ದಳು. ಎಲ್ಲ ಹೊಂದಿಬಂತು. ಸ್ವಲ್ಪ ಹೊತ್ತು ನನಗೆ ನಿಜಕ್ಕೂ ಸಂತೋಷವಾಯಿತು.

ಆಮೇಲೆ ಅನುಮಾನ ಬಂತು. ಆ ಸಾಲು ಪುಟದ ತಳದ ಖಾಲಿ ಗೆರೆಯಲ್ಲಿತ್ತು, ನಾನು ಆಮೇಲೆ ತುಂಬುವಂಥ ಜಾಗ. ಪೆನ್ನು ಅದೇ, ಆದರೆ ವರ್ಷಪೂರ್ತಿ ನಾನು ಬಳಸುವುದು ಅದೇ ಪೆನ್ನು. ರಾಮದುರ್ಗದಿಂದ ಬಂದ ಮೇಲೆ, ಅವಳ ಮಾತು ತಲೆಯಲ್ಲಿ ಕೂತು, ಎಂದೋ ಬರೆದು ಹೊಡೆದು ಹಾಕಿದ್ದರೆ? ನೆನಪಿಸಿಕೊಳ್ಳಲು ಕೂತೆ. ಬರೆದದ್ದು ನೆನಪಾಯಿತು. ಎಷ್ಟು ಬೇಕೆಂದರೆ ಅಷ್ಟು ಸ್ಪಷ್ಟವಾಗಿ ನೆನಪಾಯಿತು, ಒಮ್ಮೆ ಅವಳು ಬರುವ ಮೊದಲು, ಒಮ್ಮೆ ನಾನು ಹೋಗಿಬಂದ ಮೇಲೆ. ಎರಡೂ ಸಲ ಕಿಟಕಿಯಲ್ಲಿ ಅದೇ ಬಿಸಿಲು.

ಎಂಟನೆಯ ದಿನ ಭಾನುವಾರ. ಅವಳ ಕಡತ ತೆರೆದೆ. ತಲೆಯ ಮೇಲೆ 'ಮೂಲ ಕಲ್ಪನೆ' ಎಂದು ನನ್ನ ಹೆಸರು ಸೇರಿಸಿ, ಕೆಳಗೆ ಅವಳ ಹೆಸರು ಇಟ್ಟು ಕಳಿಸುವುದೆಂದು ನಿರ್ಧರಿಸಿದ್ದೆ. ಸುಳ್ಳಲ್ಲವಲ್ಲ, ವಹಿಯಲ್ಲೇ ಇದೆಯಲ್ಲ. ತಲೆಯ ಗೆರೆಗಳು ಪರದೆಯ ಮೇಲೆ ಮಡಚಿಕೊಂಡಿರುತ್ತವೆ. ಬೇಕಾದರೆ ಬಿಡಿಸಿ ನೋಡಬೇಕು. ಅಷ್ಟು ದಿನ ನಾನು ಬಿಡಿಸಿಯೇ ಇರಲಿಲ್ಲ. ಬಿಡಿಸಿದೆ.

ಅಲ್ಲಿ ಎರಡು ಹೆಸರುಗಳಿದ್ದವು. ಮೊದಲು ನನ್ನದು, ಆಮೇಲೆ ಅವಳದು.

ಕಳಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಮೊದಲ ಹೆಸರು ನನ್ನದು, ಜಾಗವೂ ನನ್ನದು, ಕೊಟ್ಟವಳು ಅವಳೇ. ಆದರೆ ಅವಳು ಕೊಟ್ಟದ್ದು ಎಂಬುದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಆ ಒಂಬತ್ತು ಗೆರೆಗಳಲ್ಲಿ ಒಂದನ್ನೂ ನಾನು ಬರೆದಿರಲಿಲ್ಲ. ಹೊಡೆದು ಹಾಕಿದ ಒಂದು ಸಾಲಿಗಾಗಿ, ಅದು ಯಾವಾಗಿನದೆಂದು ನನಗೇ ಗೊತ್ತಿಲ್ಲದ ಸಾಲಿಗಾಗಿ, ಅವಳ ಹೆಸರಿನ ಮೇಲೆ ನನ್ನದು ಕೂರುವುದೇ?

ನನ್ನ ಹೆಸರು ಅಳಿಸಿದೆ. ಅವಳ ಹೆಸರೊಂದನ್ನೇ ಉಳಿಸಿ ಮಾರ್ಗದರ್ಶಕರಿಗೆ ಕಳಿಸಿದೆ. ಇದನ್ನು ಔದಾರ್ಯ ಎನ್ನಲು ನನಗೆ ಧೈರ್ಯವಿಲ್ಲ. ಅರ್ಧಕ್ಕಿಂತ ಹೆಚ್ಚು ಹಟವೇ ಇತ್ತು.

ಮಾರನೆಯ ದಿನ ಫೋನ್ ಬಂತು. "ಇದು ಭಾಳ ಚಲೋ ಆಗೈತ್ರಿ. ಒಂದಽ ಹೆಸರೇನ್ರಿ?"

"ಹೌದ್ರಿ ಸರ್. ಒಂದಽ."

"ಮತ್ತ ನಿಮ್ಮದು?"

"ನಂದೊಂದು ಸೇತುವೆ ಐತ್ರಿ. ಬೇಕಾದ್ರ ಕಳಸ್ತೇನಿ."

ಸೇತುವೆಯನ್ನೂ ಸಂಗ್ರಹದವರು ತೆಗೆದುಕೊಂಡರು. ಹಳೆಯ ಬಗೆಯಲ್ಲಿ ಕಟ್ಟಿಕೊಂಡವರು ಹೊಸದಕ್ಕೆ ದಾಟಲು ಅದು ಬೇಕಾಗುತ್ತದಂತೆ. ಅದರ ತಲೆಯ ಮೇಲೆ ನನ್ನ ಹೆಸರಿದೆ. ಆ ಪ್ರಾಜೆಕ್ಟಿಗೆ ಅವಳು ಧಾರವಾಡಕ್ಕೆ ಹೋದಳು. ನಾನು ಮುಂದಿನ ವರ್ಷಕ್ಕೆ ಮತ್ತೆ ಕಿತ್ತೂರಿನ ಕಾಲೇಜಿಗೆ ಅರ್ಜಿ ಹಾಕಿದೆ, ಕರೆದರು.

ನನ್ನ ಹೆಸರು ಯಾಕೆ ತೆಗೆದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು. ಅವಳು ಕಡತದಲ್ಲಿ ಮೊದಲು ನನ್ನ ಹೆಸರನ್ನು ಹಾಕಿದ್ದು ಕಲಿಸಿದವಳು ಎಂದೇ? ಆ ಸಾಲು ಓದಿದ್ದಳೆಂದೇ?

ಮೂರು ತಿಂಗಳ ಮೇಲೆ ಅವಳು ರಜೆಗೆ ಊರಿಗೆ ಬಂದಾಗ ನಾನೂ ರಾಮದುರ್ಗಕ್ಕೆ ಹೋದೆ. ಮತ್ತೊಂದು ಹೊಸ ಹಾಸು ಕೆಚ್ಚುತ್ತಿದ್ದಳು. ಈ ಸಲ ಅತ್ತೆ ನನ್ನನ್ನು ಹತ್ತಿರ ಕೂರಿಸಲಿಲ್ಲ. "ನೀ ಅಲ್ಲೇ ಕುಂತು ಚಾ ಕುಡಿಯವಾ," ಎಂದು ಬಾಗಿಲ ಬಳಿ ಮಣೆ ಹಾಕಿ, ತಾನು ಒಳಗೆ ರೊಟ್ಟಿ ಬಡಿಯಲು ಹೋದಳು. ಮಗಳ ಬೆರಳುಗಳಲ್ಲಿ ಬೂದಿ, ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಕೇಳಿದೆ. ಕೇಳಬೇಕಾದ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಹೌದೆಂದರೆ ನನ್ನ ವಹಿ ಓದಿದ್ದನ್ನು ಅವಳು ಒಪ್ಪಿಕೊಂಡಂತೆ. ಇಲ್ಲವೆಂದರೆ ಆ ಸಾಲು ನಾನು ಆಮೇಲೆ ಬರೆದದ್ದು, ಮೊದಲ ಹೊಳಹು ನನ್ನ ಕೈತಪ್ಪಿದಂತೆ. ಅವಳನ್ನು ಬಿಟ್ಟರೆ ನನಗೆ ಬೇರೆ ಸಾಕ್ಷಿಯಿಲ್ಲ.

"ನೀ ನಮ್ಮನಿಗೆ ಬಂದಾಗ, ನನ್ನ ವಹಿಯೊಳಗ, ಒಂದು ಪುಟದ ತಳಕ್ಕ, ಉದ್ದ ಹೊರಗಿಡೂದು ಅಂತ ಒಂದು ಸಾಲು ಇತ್ತೇನು?"

ಅವಳ ಬೆರಳು ನಿಂತವು. ತುಟಿ ನಿಲ್ಲಲಿಲ್ಲ. ಎಣಿಕೆ ತಪ್ಪಬಾರದಲ್ಲ ಎಂದು ನಾನು ಕಾದೆ. ಅವಳು ಮುಂದಿನ ಎಳೆ ಎತ್ತಿಕೊಂಡಳು, ಅದರ ಜೋಡಿಯನ್ನು ಹುಡುಕಿ ಹೊಸೆದಳು, ಆಮೇಲೆ ಅದರ ಮುಂದಿನದು. ಕತ್ತಲಾಗುವ ಮುಂಚೆ ಬೈಲಹೊಂಗಲ ಮುಟ್ಟಬೇಕಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿದಾಗ ಅವಳು ಇನ್ನೂ ಎಣಿಸುತ್ತಲೇ ಇದ್ದಳು.